ಎರ್ರಗುಡಿಯ ಬಂಡೆಗಳು ನಮಗೆ ಹೇಳುವ ಪಾಠ

ಒಂಬತ್ತನೆಯ ತರಗತಿಯಲ್ಲಿ ಚರಿತ್ರೆಯ ಪಾಠ ನಡೆಯುತ್ತಿತ್ತು. ಗೋಡೆಗೆ ಏಷ್ಯಾ ಖಂಡದ ಭೂಪಟವನ್ನು ತೂಗುಹಾಕಿ, ಮಗಧದಲ್ಲಿ ಹುಟ್ಟಿದ ಬೌದ್ಧಧರ್ಮವು ಎಲ್ಲೆಲ್ಲಿಗೆ ಹರಡಿತೆಂಬುದನ್ನು ಕೋಲಿನಿಂದ ತೋರಿಸುತ್ತಿದ್ದೆವು. ಒಂದು ಬಾಣದ ಗುರುತು ಗಾಂಧಾರವನ್ನು ದಾಟಿ ಚೀನಕ್ಕೆ ಹೋಗಿತ್ತು. ಇನ್ನೊಂದು ಸಮುದ್ರದ ಮೇಲೆ ಹಾದು ಸಿಂಹಳಕ್ಕೆ ಇಳಿದಿತ್ತು. ಮತ್ತೊಂದು ಬರ್ಮಾದ ಕಡೆಗೆ ತಿರುಗಿತ್ತು. ಆಗ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸಾರ್, ಈ ಬಾಣ ನಮ್ಮ ಆದೋನಿ ಕಡೆ ಬರಲೇ ಇಲ್ಲವಾ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಆದರೆ ಸಂಜೆ ಮನೆಗೆ ಹೋಗುವಾಗ ಆ ಪ್ರಶ್ನೆ ನಮ್ಮ ಬೆನ್ನು ಹತ್ತಿ ಬಂದಿತು. ಏಕೆಂದರೆ ಆ ಹುಡುಗನ ಪ್ರಶ್ನೆಗೆ ಉತ್ತರವು ನಮ್ಮ ಜಿಲ್ಲೆಯ ಬಂಡೆಗಳ ಮೇಲೆಯೇ, ಇಂದಿಗೆ ಸುಮಾರು 2,280 ವರ್ಷಗಳ ಹಿಂದೆ, ಕೊರೆದಿಟ್ಟಿದೆ. ಅದನ್ನು ಹೇಳದೆ ಪಾಠ ಮುಗಿಸಿದವರು ನಾವು.

ಈ ಲೇಖನ ಆ ತಪ್ಪಿಗೆ ಪ್ರಾಯಶ್ಚಿತ್ತವೆಂದು ವಾಚಕರು ತಿಳಿಯಬಹುದು. ಅದರ ಜೊತೆಗೆ ನಮ್ಮದೊಂದು ಅಭಿಪ್ರಾಯವನ್ನೂ ಇಲ್ಲಿ ಮುಂದಿಡುತ್ತೇವೆ.

ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿ, ಗುತ್ತಿಯಿಂದ ಸುಮಾರು 13 ಕಿಲೋಮೀಟರ್ ದೂರದಲ್ಲಿ ಎರ್ರಗುಡಿ ಎಂಬ ಹಳ್ಳಿ ಇದೆ. ಹಳ್ಳಿಯ ಹತ್ತಿರದ ಗುಡ್ಡದ ಗುಂಡುಗಳ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿವೆ. 1929ರ ಸುಮಾರಿಗೆ ಘೋಷ್ ಎಂಬ ಭೂವಿಜ್ಞಾನಿಗಳ ಕಣ್ಣಿಗೆ ಇವು ಬಿದ್ದ ಮೇಲೆ ವಿದ್ವಾಂಸರ ಗಮನ ಇತ್ತ ಹರಿಯಿತು. ಅಶೋಕನ ಹದಿನಾಲ್ಕು ಪ್ರಧಾನ ಶಿಲಾಶಾಸನಗಳೂ ಇಲ್ಲಿವೆ. ಅವುಗಳ ಜೊತೆಗೆ ಎರಡು ಕಿರು ಶಿಲಾಶಾಸನಗಳೂ ಇವೆ. ದಕ್ಷಿಣ ಭಾರತದಲ್ಲಿ ಹದಿನಾಲ್ಕೂ ಒಂದೇ ಕಡೆ ದೊರೆತಿರುವುದು ಇಲ್ಲಿ ಮಾತ್ರ. ಅಲ್ಲಿಂದ ಬಹಳ ದೂರವೇನಲ್ಲದ ಪತ್ತಿಕೊಂಡದ ಸಮೀಪದ ಚಿನ್ನಹುಲ್ತಿಯ ಬಳಿ ರಾಜುಲಮಂದಗಿರಿ ಎಂಬಲ್ಲಿ ಕಿರು ಶಾಸನಗಳ ಇನ್ನೊಂದು ಪ್ರತಿಯಿದೆ. ಅದು ಬಹಳ ಸವೆದುಹೋಗಿದೆ. ಆದೋನಿಯಿಂದ ಬೆಳಿಗ್ಗೆ ಹೊರಟು ಎರ್ರಗುಡಿಯನ್ನು ನೋಡಿ ಸಂಜೆಗೆ ಮರಳಿ ಬರಬಹುದು. ಹಂಪಿಗೆ, ಮಂತ್ರಾಲಯಕ್ಕೆ, ಬೆಂಗಳೂರಿಗೆ ಪ್ರವಾಸ ಹೋಗಿ ಬಂದ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಎರ್ರಗುಡಿಯನ್ನು ನೋಡಿದ್ದಾರೆ? ಬೆರಳೆಣಿಕೆಗೂ ಸಾಲದು.

ಇನ್ನು ನಮ್ಮ ಪಡುವಣ ದಿಕ್ಕಿಗೆ ನೋಡೋಣ. ನಮ್ಮ ಗಡಿಯನ್ನು ದಾಟಿದೊಡನೆ ಸಿಗುವ ಸಿರುಗುಪ್ಪ ತಾಲ್ಲೂಕಿನಲ್ಲಿ ನಿಟ್ಟೂರು, ಉಡೇಗೋಳ. ರಾಯಚೂರು ಜಿಲ್ಲೆಯಲ್ಲಿ ಮಸ್ಕಿ. ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡು. ದಕ್ಷಿಣಕ್ಕೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ. ಇವೆಲ್ಲವೂ ಅಶೋಕನ ಶಾಸನಗಳ ತಾಣಗಳೇ. ಅಶೋಕನ ಹೆಸರು ನೇರವಾಗಿ ಕಾಣುವ ಶಾಸನಗಳು ಭಾರತದಲ್ಲಿ ನಾಲ್ಕೇ ಊರುಗಳಲ್ಲಿ ಸಿಕ್ಕಿವೆ. ಅವುಗಳಲ್ಲಿ ಮೂರು, ಅಂದರೆ ಮಸ್ಕಿ, ನಿಟ್ಟೂರು, ಉಡೇಗೋಳ, ನಮ್ಮ ತುಂಗಭದ್ರೆಯ ಸೀಮೆಯವು. ಮಿಕ್ಕ ಕಡೆಗಳಲ್ಲಿ ಅವನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ತನ್ನನ್ನು ಕರೆದುಕೊಂಡಿದ್ದಾನೆ. 1915ರಲ್ಲಿ ಮಸ್ಕಿಯ ಶಾಸನ ದೊರೆತ ಮೇಲೆಯೇ ಆ ಪ್ರಿಯದರ್ಶಿ ಅಶೋಕನೇ ಎಂಬುದಕ್ಕೆ ಶಾಸನದ ಬಲ ಬಂದಿತು. ಭೂಪಟದ ಬಾಣ ನಮ್ಮ ಕಡೆ ಬಂದಿತೋ ಇಲ್ಲವೋ ಎಂದು ಕೇಳಿದ ಆ ಹುಡುಗನಿಗೆ ನಾವು ಈಗ ಹೇಳುವುದಿಷ್ಟು: ಬಾಣ ಇಲ್ಲಿಗೆ ಬಂದಿತು, ಬಂದು ಬಂಡೆಯ ಮೇಲೆ ಗುರುತನ್ನೂ ಬಿಟ್ಟಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಶೋಕನ ಎಲ್ಲ ಶಾಸನಗಳೂ ಬೌದ್ಧಮತದ ಪ್ರಚಾರವಲ್ಲ. ಕಿರು ಶಾಸನದಲ್ಲಿ ಅವನು ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಉಪಾಸಕನಾಗಿದ್ದೇನೆ, ಒಂದು ವರ್ಷಕ್ಕೂ ಮಿಗಿಲಾಗಿ ಸಂಘದ ಸಮೀಪವರ್ತಿಯಾಗಿದ್ದೇನೆ ಎಂದು ಹೇಳಿಕೊಳ್ಳುತ್ತಾನೆ. ಆದರೆ ಪ್ರಧಾನ ಶಾಸನಗಳಲ್ಲಿ ಅವನು ಸಾರುವ ‘ಧರ್ಮ’ ಎಲ್ಲ ಮತದವರೂ ಒಪ್ಪಬಹುದಾದ ನೀತಿ. ಪ್ರಾಣಿಹಿಂಸೆ ಬೇಡ, ಮನುಷ್ಯರಿಗೂ ಪಶುಗಳಿಗೂ ಔಷಧೋಪಚಾರ ದೊರೆಯಲಿ, ದಾರಿಯಲ್ಲಿ ಬಾವಿ ತೋಡಿಸಿ, ಮರ ನೆಡಿಸಿ, ಪರರ ಮತವನ್ನು ಹಳಿಯಬೇಡಿ. ಹದಿಮೂರನೆಯ ಶಾಸನದಲ್ಲಿ ಕಳಿಂಗ ಯುದ್ಧದ ಪಶ್ಚಾತ್ತಾಪವಿದೆ. ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು ಎಂದು ಗೆದ್ದ ಅರಸನೇ ಒಪ್ಪಿಕೊಂಡು, ಧರ್ಮದಿಂದ ಗೆಲ್ಲುವುದೇ ನಿಜವಾದ ಗೆಲುವೆಂದು ಹೇಳುವ ಶಾಸನ ಅದು. ಗೆದ್ದವನು ತನ್ನ ಗೆಲುವಿಗೆ ಮರುಗಿದ ಮಾತನ್ನು ಕಲ್ಲಿನಲ್ಲಿ ಕಡೆಸಿದ ಉದಾಹರಣೆ ಜಗತ್ತಿನ ಚರಿತ್ರೆಯಲ್ಲಿ ಅಪರೂಪ. ಅದು ನಮ್ಮ ಜಿಲ್ಲೆಯಲ್ಲಿದೆ.

ಅದೇ ಶಾಸನದಲ್ಲಿ ಅಶೋಕ ತನ್ನ ಧರ್ಮವಿಜಯ ಎಲ್ಲಿಯವರೆಗೆ ಮುಟ್ಟಿತೆಂಬುದನ್ನೂ ಹೇಳುತ್ತಾನೆ. ಅಂತಿಯೋಕ, ತುರಮಾಯ, ಅಂತೇಕಿನ, ಮಕ, ಅಲಿಕಸುಂದರ ಎಂದು ಸಿರಿಯಾ, ಈಜಿಪ್ಟ್, ಮ್ಯಾಸಿಡೋನಿಯಾ ಕಡೆಯ ಗ್ರೀಕ್ ಅರಸರ ಹೆಸರುಗಳು ಬರುತ್ತವೆ. ದಕ್ಷಿಣದಲ್ಲಿ ಚೋಳ, ಪಾಂಡ್ಯರ ಮತ್ತು ತಾಮ್ರಪರ್ಣಿ ಎಂದರೆ ಸಿಂಹಳದ ಹೆಸರು ಬರುತ್ತದೆ. ಸಿಂಹಳದ ಮಹಾವಂಸವೆಂಬ ಪಾಳಿ ಗ್ರಂಥದ ಪ್ರಕಾರ ಪಾಟಲಿಪುತ್ರದಲ್ಲಿ ನಡೆದ ಮೂರನೆಯ ಸಂಗೀತಿಯ ಬಳಿಕ ನಾನಾ ದಿಕ್ಕುಗಳಿಗೆ ಧರ್ಮಪ್ರಚಾರಕರು ಹೊರಟರು. ಕಾಶ್ಮೀರ ಗಾಂಧಾರಗಳಿಗೆ ಮಜ್ಝಂತಿಕ, ಹಿಮಾಲಯದ ಕಡೆಗೆ ಮಜ್ಝಿಮ, ಸುವರ್ಣಭೂಮಿಗೆ ಸೋಣ ಮತ್ತು ಉತ್ತರ, ಸಿಂಹಳಕ್ಕೆ ಮಹಿಂದ. ಇದೇ ಪಟ್ಟಿಯಲ್ಲಿ ವನವಾಸಕ್ಕೆ ರಕ್ಖಿತ, ಮಹಿಸಮಂಡಲಕ್ಕೆ ಮಹಾದೇವ ಎಂಬ ಹೆಸರುಗಳಿವೆ. ವನವಾಸವೆಂದರೆ ನಮ್ಮ ಬನವಾಸಿಯ ಸೀಮೆ. ಮಹಿಸಮಂಡಲವನ್ನು ಮೈಸೂರು ಸೀಮೆಯೆಂದು ಕೆಲವರೂ, ನರ್ಮದೆಯ ತೀರದ ಮಾಹಿಷ್ಮತಿಯೆಂದು ಕೆಲವರೂ ಹೇಳುತ್ತಾರೆ. ಅದೇನೇ ಇರಲಿ, ಚೀನಕ್ಕೆ ಧರ್ಮ ತಲುಪುವುದಕ್ಕೆ ಎಷ್ಟೋ ಮೊದಲೇ ಕನ್ನಡ ನಾಡಿನ ಹೆಸರು ಆ ಪಟ್ಟಿಗೆ ಸೇರಿತ್ತು.

ಇಷ್ಟೆಲ್ಲ ಹೇಳಿದ ಮೇಲೆ, ನಮ್ಮನ್ನು ಬಹುಕಾಲ ಕಾಡಿದ ಪ್ರಶ್ನೆಗೆ ಬರುತ್ತೇವೆ. ಎರ್ರಗುಡಿಯ ಬಂಡೆಗಳ ಮೇಲಿರುವ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಂದಿನ ಈ ಸೀಮೆಯ ಒಕ್ಕಲಿಗನಿಗೆ, ಕುರುಬನಿಗೆ ಪ್ರಾಕೃತ ಬರುತ್ತಿತ್ತೇ? ಅವನ ಮನೆಮಾತು ಕನ್ನಡ ತೆಲುಗುಗಳ ಪ್ರಾಚೀನ ರೂಪವೇ ಇದ್ದಿರಬೇಕು. ಬ್ರಾಹ್ಮಿ ಅಕ್ಷರವನ್ನಂತೂ ಅವನು ಓದಬಲ್ಲವನಾಗಿರಲಿಲ್ಲ. ಹಾಗಾದರೆ ಯಾರಿಗೂ ಅರ್ಥವಾಗದ ಮಾತನ್ನು ಯಾರೂ ಓದಲಾರದ ಲಿಪಿಯಲ್ಲಿ ಗುಡ್ಡದ ಮೇಲೆ ಕೊರೆಸಿ ಫಲವೇನು?

ಈ ಪ್ರಶ್ನೆಗೆ ಉತ್ತರವನ್ನು ಬಂಡೆಯೇ ಕೊಟ್ಟಿದೆ. ಎರ್ರಗುಡಿಯ ಎರಡನೆಯ ಕಿರು ಶಾಸನದಲ್ಲಿ ಅಶೋಕ ತನ್ನ ಅಧಿಕಾರಿಗಳಿಗೆ ಹೀಗೆ ಅಪ್ಪಣೆ ಮಾಡಿದ್ದಾನೆ: ರಜ್ಜುಕನಿಗೆ ತಿಳಿಸಿರಿ, ಅವನು ಭೇರಿ ಹೊಡೆಸಿ ನಾಡಿನ ಜನರಿಗೂ ರಾಷ್ಟ್ರಿಕರಿಗೂ ತಿಳಿಸಲಿ. ತಿಳಿಸಬೇಕಾದ ವಿಷಯ ಯಾವುದು? ತಂದೆತಾಯಿಗಳ ಮಾತನ್ನು ಕೇಳಬೇಕು, ಹಿರಿಯರ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು. ಅಷ್ಟಕ್ಕೆ ನಿಲ್ಲಿಸದೆ, ಆನೆಯ ಸವಾರರು, ಕರಣಿಕರು, ರಥ ನಡೆಸುವುದನ್ನು ಕಲಿಸುವವರು, ಬ್ರಾಹ್ಮಣರು ಇವರೆಲ್ಲ ತಮ್ಮ ತಮ್ಮ ಶಿಷ್ಯರಿಗೆ ಇದನ್ನು ಕಲಿಸಲಿ, ಶಿಷ್ಯರು ಆಚಾರ್ಯರನ್ನು ಗೌರವಿಸಲಿ ಎನ್ನುತ್ತಾನೆ. ಶಾಸನದ ‘ಕರಣಕ’ ಎಂಬ ಮಾತು ನಮ್ಮ ಹಳ್ಳಿಗಳ ‘ಕರಣಂ’ ಎಂಬ ಹೆಸರನ್ನು ನೆನಪಿಗೆ ತರುತ್ತದೆ. ಭೇರಿಯಂತೂ ನಮ್ಮ ಹಿರಿಯರು ಕಂಡ ಡಂಗುರವೇ. ಚಾವಡಿಯ ಮುಂದೆ, ಬಾವಿಯ ಕಟ್ಟೆಯ ಬಳಿ, ಸಂತೆಯ ಬಯಲಿನಲ್ಲಿ ಡಂಗುರ ಹೊಡೆದು ಸಾರುವವನು ಪ್ರಾಕೃತದಲ್ಲಿ ಸಾರಿದ್ದರೆ ಯಾರು ನಿಂತು ಕೇಳುತ್ತಿದ್ದರು? ಅವನು ಊರ ಮಾತಿನಲ್ಲಿಯೇ ಸಾರಿರಬೇಕು. ಶಿಷ್ಯರಿಗೆ ಕಲಿಸಿದ ಆಚಾರ್ಯನೂ ಶಿಷ್ಯರಿಗೆ ತಿಳಿಯುವ ಮಾತಿನಲ್ಲಿಯೇ ಕಲಿಸಿರಬೇಕು. ಬಂಡೆಯ ಮಾತು ಮೂಲ ಪ್ರತಿ ಮಾತ್ರ. ಅದನ್ನು ಜನಕ್ಕೆ ಮುಟ್ಟಿಸಿದ್ದು ಬಾಯಿಯ ಮಾತು.

ನಮ್ಮ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಬೌದ್ಧಧರ್ಮ ಏಷ್ಯಾ ಖಂಡದಲ್ಲೆಲ್ಲ ಹರಡಿದ್ದಕ್ಕೆ ಚಕ್ರವರ್ತಿಯ ಬೆಂಬಲ, ವರ್ತಕರ ದಾರಿಗಳು, ಭಿಕ್ಷುಗಳ ತಪಸ್ಸು ಎಂದು ಪುಸ್ತಕಗಳು ಕಾರಣಗಳನ್ನು ಕೊಡುತ್ತವೆ. ಅವೆಲ್ಲ ನಿಜ. ಆದರೆ ಅವೆಲ್ಲಕ್ಕಿಂತ ಮಿಗಿಲಾದ ಕಾರಣ ಒಂದುಂಟು. ಆ ಧರ್ಮವು ಹೋದ ಹೋದಲ್ಲೆಲ್ಲ ಕೇಳುವವನ ಮಾತಿನಲ್ಲಿ ಮಾತಾಡಿತು.

ಇದು ಬುದ್ಧನಿಂದಲೇ ಬಂದ ಬಳುವಳಿ. ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಭಿಕ್ಷುಗಳಾದ ಇಬ್ಬರು ಬುದ್ಧನ ಬಳಿಗೆ ಬಂದು, ನಾನಾ ಕುಲದ ಭಿಕ್ಷುಗಳು ತಮ್ಮ ತಮ್ಮ ಆಡುನುಡಿಯಿಂದ ಬುದ್ಧವಚನವನ್ನು ಕೆಡಿಸುತ್ತಿದ್ದಾರೆ, ಅದನ್ನು ಛಂದಸ್ಸಿನ ಭಾಷೆಗೆ ತರುತ್ತೇವೆ, ಅಪ್ಪಣೆ ಕೊಡಬೇಕು ಎಂದು ಬೇಡಿದರು. ಬುದ್ಧ ಒಪ್ಪಲಿಲ್ಲ, ಅವರನ್ನು ಗದರಿಸಿ, ಅವರವರ ನುಡಿಯಲ್ಲಿಯೇ ಕಲಿಯಲಿ ಎಂದು ಅನುಜ್ಞೆ ಕೊಟ್ಟನು. ಆ ಮಾತಿನ ಅರ್ಥದ ಬಗ್ಗೆ ಪಂಡಿತರಲ್ಲಿ ಚರ್ಚೆಯಿದೆ. ಆದರೆ ಪಂಡಿತರ ಭಾಷೆಯಲ್ಲಿ ಧರ್ಮವನ್ನು ಬಂಧಿಸಿಡಲು ಬುದ್ಧನಿಗೆ ಇಷ್ಟವಿರಲಿಲ್ಲ ಎಂಬುದರಲ್ಲಿ ಸಂಶಯವಿಲ್ಲ.

ಅಶೋಕ ಈ ದಾರಿಯನ್ನೇ ಹಿಡಿದನು. ಅಫಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಅವನದೊಂದು ಶಾಸನ ಸಿಕ್ಕಿತು. ಅದು ಗ್ರೀಕ್ ಮತ್ತು ಅರಮಾಯಿಕ್ ಎಂಬ ಎರಡು ಭಾಷೆಗಳಲ್ಲಿದೆ. ಅಲ್ಲಿ ಅನುವಾದಕನು ‘ಧರ್ಮ’ವೆಂಬ ಮಾತನ್ನು ಹಾಗೆಯೇ ಇಡದೆ, ಗ್ರೀಕರಿಗೆ ಪರಿಚಿತವಾದ, ಭಕ್ತಿ ಎಂಬರ್ಥದ ‘ಯೂಸೆಬೇಯಾ’ ಎಂಬ ಶಬ್ದವನ್ನು ಬಳಸಿದ್ದಾನೆ. ಮುಂದೆ ಚೀನದಲ್ಲಿ ನಡೆದದ್ದೂ ಹೀಗೆಯೇ. ಕ್ರಿ. ಶ. 148ರಲ್ಲಿ ಲೊಯಾಂಗ್ ನಗರಕ್ಕೆ ಬಂದ ಪಾರ್ಥಿಯಾ ದೇಶದ ಅನ್ ಷಿಗಾವೊ ಎಂಬ ಭಿಕ್ಷು ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಿರುಗಿಸತೊಡಗಿದನು. ಮೊದಮೊದಲಿನ ಅನುವಾದಕರು ಚೀನೀಯರಿಗೆ ಪರಿಚಿತವಾಗಿದ್ದ ತಾವೊ ಮತದ ಶಬ್ದಗಳನ್ನೇ ಎರವಲು ಪಡೆದರು. 401ರಲ್ಲಿ ಚಾಂಗಾನ್ ನಗರಕ್ಕೆ ಬಂದ ಕುಮಾರಜೀವನ ಅನುವಾದಗಳನ್ನು ಇಂದಿಗೂ ಪೂರ್ವ ಏಷ್ಯಾದ ಜನರು ಓದುತ್ತಾರೆ. ಈ ಕುಮಾರಜೀವ ಯಾರು? ತಂದೆ ಭಾರತದವನು, ತಾಯಿ ಮಧ್ಯ ಏಷ್ಯಾದ ಕೂಚಾ ರಾಜ್ಯದವಳು. ಅವನು ಗಡಿಯ ಕೂಸು, ಎರಡು ಭಾಷೆಗಳ ನಡುವೆ ಬೆಳೆದವನು. ಇಂಥವರಿಲ್ಲದಿದ್ದರೆ ಧರ್ಮ ಚೀನವನ್ನು ದಾಟಿ 372ರಲ್ಲಿ ಕೊರಿಯಾಕ್ಕೂ, ಆರನೆಯ ಶತಮಾನದಲ್ಲಿ ಜಪಾನಿಗೂ ಮುಟ್ಟುವುದು ಎಲ್ಲಿ ಸಾಧ್ಯವಿತ್ತು?

ನಮ್ಮ ನಾಡಿನವರೂ ಈ ಕೆಲಸದಲ್ಲಿ ಹಿಂದೆ ಬಿದ್ದವರಲ್ಲ. ಮಹಾರಾಷ್ಟ್ರದ ಕಾರ್ಲೆಯ ದೊಡ್ಡ ಚೈತ್ಯಾಲಯದಲ್ಲಿ, ಜಂಬೂದ್ವೀಪದಲ್ಲೇ ಉತ್ತಮವಾದ ಆ ಶಿಲಾಗೃಹವನ್ನು ಪೂರೈಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಬರೆದಿದೆ. ವೈಜಯಂತಿಯೆಂದರೆ ಬನವಾಸಿ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1989ರಲ್ಲಿ, ಕಾಳಿಯ ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆಯೇ ಅಶೋಕನ ಶಾಸನಗಳು ಕಂಡುಬಂದವು. ಅದರ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೊ ಅಸೋಕ’ ಎಂಬ ಹೆಸರಿನೊಡನೆ ಅರಸನ ಶಿಲ್ಪವೇ ದೊರೆಯಿತು. ಆಂಧ್ರದ ನಾಗಾರ್ಜುನಕೊಂಡದಲ್ಲಿ ಮೂರನೆಯ ಶತಮಾನದ ಶಾಸನವೊಂದು ಸಿಂಹಳದ ಭಿಕ್ಷುಗಳು ಧರ್ಮಕ್ಕೆ ಒಲಿಸಿದ ದೇಶಗಳನ್ನು ಎಣಿಸುತ್ತದೆ. ಕಾಶ್ಮೀರ, ಗಾಂಧಾರ, ಚೀನಗಳ ಸಾಲಿನಲ್ಲಿಯೇ ವನವಾಸಿಯ ಹೆಸರೂ ಇದೆ. ಚೀನ ಮತ್ತು ಬನವಾಸಿ ಒಂದೇ ಸಾಲಿನಲ್ಲಿ! ಮುಂದೆ 1095ರಲ್ಲಿಯೂ ಗದಗಿನ ಹತ್ತಿರದ ಡಂಬಳದಲ್ಲಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವಿತ್ತೆಂದು ಅಲ್ಲಿಯ ಕನ್ನಡ ಶಾಸನ ಹೇಳುತ್ತದೆ. ಅಷ್ಟು ಹೊತ್ತಿಗೆ ಬಂಡೆಯೂ ಕನ್ನಡದಲ್ಲಿ ಮಾತಾಡಲು ಕಲಿತಿತ್ತು.

ಹೀಗೆ ಹರಡಿದ ಮಾತು ಎರ್ರಗುಡಿಯಲ್ಲಿ ಏಕೆ ಮೂಕವಾಯಿತು? ಬಂಡೆ ಅಲ್ಲಿಯೇ ಇತ್ತು, ಅಕ್ಷರವೂ ಅಳಿಯಲಿಲ್ಲ. ಅಳಿದದ್ದು ಹೇಳುವವರ ಪರಂಪರೆ. ರಜ್ಜುಕರು ಹೋದರು, ಭೇರಿ ನಿಂತಿತು, ಶಿಷ್ಯರಿಗೆ ಕಲಿಸುವ ಆಚಾರ್ಯರು ಇಲ್ಲವಾದರು. ಕಾಲಕ್ರಮದಲ್ಲಿ ಬ್ರಾಹ್ಮಿ ಲಿಪಿಯನ್ನು ಓದಬಲ್ಲವರೇ ದೇಶದಲ್ಲಿ ಉಳಿಯಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಮತ್ತೆ ಅದನ್ನು ಓದಿ ಹೇಳುವವರೆಗೂ ಅಶೋಕನ ಮಾತು ಕಲ್ಲಿನ ಗೀಚು ಮಾತ್ರವಾಗಿತ್ತು. ದನ ಕಾಯುವವರು, ಕುರಿ ಕಾಯುವವರು ತಲೆತಲಾಂತರದಿಂದ ಆ ಗುಂಡುಗಳ ನೆರಳಿನಲ್ಲಿ ಕುಳಿತು ರೊಟ್ಟಿ ತಿಂದು ಎದ್ದು ಹೋದರು. ಚಕ್ರವರ್ತಿಯ ಬಲ, ಕಲ್ಲಿನ ಬಲ ಎರಡೂ ಕೂಡಿದರೂ, ಕಲಿಸುವವನಿಲ್ಲದಿದ್ದರೆ ಮಾತು ಬಾಳದು.

ಕಳೆದ ವರ್ಷ ನಾವು ಕೆಲವರು ಉಪಾಧ್ಯಾಯರು ಹತ್ತನೆಯ ತರಗತಿಯ ಒಂದಿಷ್ಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಎರ್ರಗುಡಿಗೆ ಹೋಗಿದ್ದೆವು. ಬಿಸಿಲು ಏರಿತ್ತು. ಕಿರು ಶಾಸನದ ಗುಂಡಿನ ಮುಂದೆ ನಿಂತು, ಅದರ ಕೆಲವು ಸಾಲುಗಳನ್ನು ಎಡದಿಂದ ಬಲಕ್ಕೂ ಕೆಲವನ್ನು ಬಲದಿಂದ ಎಡಕ್ಕೂ ಬರೆದಿರುವುದನ್ನು ಹುಡುಗರಿಗೆ ತೋರಿಸುತ್ತಿದ್ದೆವು. ಎತ್ತು ಹೂಡಿ ಉಳುವವನು ಹೊಲದ ಆ ತುದಿಯಲ್ಲಿ ತಿರುಗಿ ಬರುವಂತೆ ಎಂದು ಒಬ್ಬ ಹುಡುಗ ತಾನಾಗಿಯೇ ಹೇಳಿದ. ವಿದ್ವಾಂಸರೂ ಅದೇ ಹೋಲಿಕೆಯನ್ನು ಕೊಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಹದಿನಾಲ್ಕನೆಯ ಶಾಸನದಲ್ಲಿ ಲಿಪಿಕಾರನ ತಪ್ಪಿನಿಂದಲೂ ಕೆಲವು ಕಡೆ ಬರಹ ಅಪೂರ್ಣವಾಗಿರಬಹುದೆಂದು ಅಶೋಕನೇ ಹೇಳಿದ್ದಾನೆ ಎಂದಾಗ, ಉಕ್ತಲೇಖನದಲ್ಲಿ ತಪ್ಪು ಮಾಡುವ ನಮ್ಮ ಹುಡುಗರಿಗೆಲ್ಲ ಬಹಳ ಸಮಾಧಾನವಾಯಿತು!

ಅಷ್ಟರಲ್ಲಿ ಕುರಿಗಳನ್ನು ಹೊಡೆದುಕೊಂಡು ಬಂದ ಮುದುಕರೊಬ್ಬರು ನಿಂತು, ಇಲ್ಲಿ ಏನು ಬರೆದಿದೆಯೆಂದು ಇವರೆಲ್ಲ ಬಂದು ನೋಡುತ್ತಾರೆ ಎಂದು ತೆಲುಗಿನಲ್ಲಿ ಕೇಳಿದರು. ಹುಟ್ಟಿದಂದಿನಿಂದ ಅದೇ ಸೀಮೆಯಲ್ಲಿದ್ದರೂ ಅದರಲ್ಲಿ ಏನಿದೆಯೆಂದು ತಮಗೆ ಯಾರೂ ಹೇಳಿಲ್ಲ ಎಂದರು. ನಾವು ಬಾಯಿ ತೆರೆಯುವ ಮೊದಲೇ ನಮ್ಮ ವಿದ್ಯಾರ್ಥಿಯೊಬ್ಬ ಮುಂದೆ ಬಂದ. ಅವನು ಕೋಸಿಗಿ ಕಡೆಯವನು. ಸುಗ್ಗಿಯ ನಂತರ ಅವನ ಮನೆಯವರು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಹೋಗುತ್ತಾರೆ. ಅವನೂ ಎರಡು ವರ್ಷ ಅವರೊಡನೆ ಹೋಗಿ ಪಾಠ ಕಳೆದುಕೊಂಡವನು. ಅಲ್ಲಿ ಕಲಿತ ತೆಲುಗಿನಲ್ಲಿ, ನಡುನಡುವೆ ಕನ್ನಡ ಬೆರೆಸಿ, ಅವನು ಆ ತಾತನಿಗೆ ವಿವರಿಸಿದ. ಹಿಂದೆ ಒಬ್ಬ ರಾಜನಿದ್ದ. ಯುದ್ಧ ಮಾಡಿ ಬಹಳ ಜನರನ್ನು ಕೊಂದ. ಆಮೇಲೆ ಅವನಿಗೆ ದುಃಖವಾಯಿತು. ತಂದೆತಾಯಿಯ ಮಾತು ಕೇಳಿ, ನಿಜ ಹೇಳಿ, ಮೂಕ ಪ್ರಾಣಿಗಳನ್ನು ಹಿಂಸಿಸಬೇಡಿ ಎಂದು ಬರೆಸಿದ. ತಾತ ಸ್ವಲ್ಪ ಹೊತ್ತು ಬಂಡೆಯನ್ನು ನೋಡಿದರು. ಒಳ್ಳೆಯ ಮಾತೇ ಬರೆಸಿದ್ದಾನೆ ಎಂದು ಹೇಳಿ ಕುರಿಗಳ ಹಿಂದೆ ನಡೆದರು.

ಆ ಕ್ಷಣದಲ್ಲಿ ನಮಗೆ ತೋಚಿದ್ದನ್ನೇ ಈ ಲೇಖನದಲ್ಲಿ ಬರೆಯುತ್ತಿದ್ದೇವೆ. ಬಂಡೆಯ ಮಾತು ಪ್ರಾಕೃತ, ಆ ಹುಡುಗ ಅದನ್ನು ಓದಿ ತಿಳಿದದ್ದು ಕನ್ನಡದ ಪಾಠಪುಸ್ತಕದಲ್ಲಿ, ಮುಟ್ಟಿಸಿದ್ದು ತೆಲುಗಿನಲ್ಲಿ. ರಜ್ಜುಕನ ಕೆಲಸವನ್ನು, ಕುಮಾರಜೀವನ ಕೆಲಸವನ್ನು ಕೋಸಿಗಿ ಸೀಮೆಯ ಕೂಲಿಕಾರರ ಮಗ ಮಾಡಿದ. ಅವನಿಗೆ ಅದು ಸಾಧ್ಯವಾದದ್ದು ಹೇಗೆ? ಮನೆಯಲ್ಲಿ ಆಡುವ ಮಾತಿನಲ್ಲಿಯೇ ಶಾಲೆಯಲ್ಲಿ ಚರಿತ್ರೆಯನ್ನು ಕಲಿತದ್ದರಿಂದ. ಕಂಠಪಾಠ ಮಾಡಿ ಒಪ್ಪಿಸಿದವನಿಗೆ ಒಪ್ಪಿಸುವುದು ಬರುತ್ತದೆಯೇ ಹೊರತು ಇನ್ನೊಬ್ಬರಿಗೆ ತಿಳಿಸುವುದು ಬರುವುದಿಲ್ಲ.

ಇಲ್ಲಿ ನಮ್ಮ ಊರಿನ ಪರಿಸ್ಥಿತಿಯನ್ನು ಹೇಳದೆ ವಿಧಿಯಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು; ಉಳಿದವು ಮೈಸೂರು ರಾಜ್ಯಕ್ಕೆ ಹೋದವು. ಅಂದಿನಿಂದ ನಾವು ಗಡಿಯ ಈಚೆಯ ಕನ್ನಡಿಗರು. ಹೊಳಗುಂದ, ಹಾಲಹರ್ವಿ, ಕೌತಾಳಂ, ಕೋಸಿಗಿ ಸೀಮೆಗಳಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ ಕನ್ನಡವೇ ಮಾತು. ಆದರೆ ನಮ್ಮ ಶಾಲೆಯ ಕನ್ನಡ ಮಾಧ್ಯಮದ ಬೆಂಚುಗಳು ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತಿವೆ. ಕನ್ನಡದಲ್ಲಿ ಓದಿ ಆಂಧ್ರದಲ್ಲಿ ಯಾವ ಕೆಲಸ ಸಿಕ್ಕೀತು ಎಂದು ತಂದೆತಾಯಿಗಳು ಕೇಳುತ್ತಾರೆ. ಅವರ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹೊಟ್ಟೆಯ ಪ್ರಶ್ನೆಗೆ ಅಭಿಮಾನದ ಭಾಷಣ ಉತ್ತರವಾಗಲಾರದು.

ನಮ್ಮ ಉತ್ತರ ಇಷ್ಟೇ. ತೆಲುಗನ್ನು ಬಿಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಅದು ನಮ್ಮ ರಾಜ್ಯದ ಭಾಷೆ, ನೆರೆಮನೆಯ ಭಾಷೆ. ಇಂಗ್ಲಿಷನ್ನು ಬಿಡಿ ಎಂದೂ ಹೇಳುವುದಿಲ್ಲ. ಎರಡು ದಡಗಳನ್ನು ಬಲ್ಲವನೇ ದೋಣಿ ನಡೆಸಬಲ್ಲ. ಆದರೆ ಹೊರಡುವುದಕ್ಕೆ ಒಂದು ದಡ ಬೇಕಲ್ಲವೇ? ಮನೆಮಾತಿನಲ್ಲಿ ಗಟ್ಟಿಯಾಗಿ ಕಲಿತ ಮಗುವಿಗೆ ಎರಡನೆಯ, ಮೂರನೆಯ ಭಾಷೆಗಳು ಸಂಪತ್ತಾಗುತ್ತವೆ. ಅದನ್ನು ಕಿತ್ತುಕೊಂಡರೆ ಯಾವ ಭಾಷೆಯೂ ಸ್ವಂತವಾಗದೆ ಮಗು ನಡುನೀರಿನಲ್ಲಿ ನಿಲ್ಲುತ್ತದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿ ನಾವು ಕಣ್ಣಾರೆ ಕಂಡ ಸಂಗತಿಯಿದು.

ಅಶೋಕನು ದೊರೆ, ತನ್ನ ಆಡಳಿತದ ಭಾಷೆಯನ್ನು ಈ ಸೀಮೆಯ ಬಂಡೆಯ ಮೇಲೆ ಹೇರಿದನಲ್ಲವೇ, ಅವನನ್ನೇಕೆ ಹೊಗಳುತ್ತೀರಿ ಎಂದು ಮಿತ್ರರೊಬ್ಬರು ನಮ್ಮನ್ನು ಕೇಳಿದರು. ಬರೆಯುವ ಭಾಷೆ ದೊರೆಯದಾಗಿತ್ತು, ನಿಜ. ಆಗಿನ್ನೂ ಈ ಸೀಮೆಯ ನುಡಿಗಳಿಗೆ ಬರಹ ಬಂದಂತಿಲ್ಲ. ಆದರೆ ಬರೆದು ಕೈತೊಳೆದುಕೊಳ್ಳದೆ, ಹೋಗಿ ಜನರಿಗೆ ಹೇಳಿ, ಶಿಷ್ಯರಿಗೆ ಕಲಿಸಿ ಎಂದು ಅದೇ ಕಲ್ಲಿನಲ್ಲಿ ಬರೆಸಿದ ವಿವೇಕವನ್ನು ಮೆಚ್ಚಲೇಬೇಕು. ಇನ್ನೂ ಒಂದು ಮಾತು. ಈ ಶಾಸನಗಳು ಕನ್ನಡಿಗರವೋ ತೆಲುಗರವೋ ಎಂದು ಜಗಳವಾಡುವುದು ವ್ಯರ್ಥ. ಎರ್ರಗುಡಿಯ ಮಾತನ್ನೇ ನಿಟ್ಟೂರಿನಲ್ಲಿಯೂ ಕೊರೆದಿದ್ದಾರೆ. ನಡುವೆ ಇಂದು ರಾಜ್ಯದ ಗಡಿಯಿದೆ, ಅಂದು ಇರಲಿಲ್ಲ. ಎರಡೂ ಕಡೆಯ ಮಾತು ಬಲ್ಲ ನಮ್ಮಂಥ ಗಡಿಯವರೇ ಇವಕ್ಕೆ ಸಹಜವಾದ ವಾರಸುದಾರರು.

ಬಂಡೆಯ ಸಮೀಪದಲ್ಲಿಯೇ ಜೊನ್ನಗಿರಿಯಿದೆ. ಅಶೋಕನ ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿ ಇದೇ ಎಂದು ಕೆಲವು ವಿದ್ವಾಂಸರ ಮತ. ಮಸ್ಕಿಯೆಂದೂ ಕನಕಗಿರಿಯೆಂದೂ ಹೇಳುವವರುಂಟು. ಮುಂಗಾರಿನ ಮಳೆ ಬಿದ್ದೊಡನೆ ಜೊನ್ನಗಿರಿ, ತುಗ್ಗಲಿ ಸೀಮೆಯ ಹೊಲಗಳಲ್ಲಿ ವಜ್ರ ಹುಡುಕಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬಗ್ಗಿ ಬಗ್ಗಿ ನೆಲವನ್ನು ನೋಡುತ್ತಾರೆ. ಒಬ್ಬಿಬ್ಬರಿಗೆ ಅದೃಷ್ಟ ಒಲಿಯುತ್ತದೆ. ಯಾರೂ ಹೊತ್ತುಕೊಂಡು ಹೋಗಲಾರದ ವಜ್ರವೊಂದು ಪಕ್ಕದ ಗುಡ್ಡದಲ್ಲಿದೆಯೆಂದು ಅವರಿಗೆ ಹೇಳುವವರು ಬೇಕಾಗಿದ್ದಾರೆ.

ಆದುದರಿಂದ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ, ಸಹೋದ್ಯೋಗಿಗಳ ಮತ್ತು ಪೋಷಕರ ಮುಂದೆ ಕೆಲವು ಸಲಹೆಗಳನ್ನು ವಿನಯಪೂರ್ವಕವಾಗಿ ಇಡುತ್ತೇವೆ. ಮೊದಲನೆಯದಾಗಿ, ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳೆಲ್ಲರನ್ನೂ ವರ್ಷಕ್ಕೊಮ್ಮೆ ಎರ್ರಗುಡಿಗೆ ಕರೆದೊಯ್ಯಬೇಕು; ಖರ್ಚಿನ ಭಾರ ಬಡ ಮಕ್ಕಳ ಮೇಲೆ ಬೀಳದಂತೆ ಹಳೆಯ ವಿದ್ಯಾರ್ಥಿಗಳು ನೆರವಾಗಬೇಕು. ಎರಡನೆಯದಾಗಿ, ಹೋಗುವ ಮೊದಲು ಬ್ರಾಹ್ಮಿಯ ಅಕ್ಷರಗಳನ್ನು ಕಲಿಸಬೇಕು. ನಾಲ್ಕಾರು ಪೀರಿಯಡ್ಡುಗಳು ಸಾಕು. ನಮ್ಮ ಕನ್ನಡ ಲಿಪಿಯೂ ತೆಲುಗು ಲಿಪಿಯೂ ಬ್ರಾಹ್ಮಿಯ ಮಕ್ಕಳೇ ಆದ್ದರಿಂದ ಹುಡುಗರು ಬೇಗ ಹಿಡಿಯುತ್ತಾರೆ. ಮೂರನೆಯದಾಗಿ, ಬಂದ ಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಕಂಡದ್ದನ್ನು ತನ್ನ ಊರಿನ ಒಬ್ಬ ಹಿರಿಯರಿಗೆ ಅವರ ಮಾತಿನಲ್ಲಿ ಹೇಳಿ, ಅವರು ಏನೆಂದರೆಂದು ಬರೆದು ತರಬೇಕು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ವಲಸೆ ಹೋಗುವ ಮನೆಗಳ ಮಕ್ಕಳನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿ ಸುಮ್ಮನಿರದೆ, ಆ ತಿಂಗಳುಗಳಲ್ಲಿ ಅವರು ಊರಲ್ಲೇ ಉಳಿದು ಓದುವ ಏರ್ಪಾಡಿಗೆ ನಾವು ಉಪಾಧ್ಯಾಯರೇ ಮನೆಮನೆಗೆ ಹೋಗಿ ಪ್ರಯತ್ನಿಸಬೇಕು. ಗುಂಟೂರಿನ ಸೀಮೆಯಲ್ಲಿಯೇ ಅಮರಾವತಿಯ ಮಹಾಸ್ತೂಪವಿತ್ತು. ನಮ್ಮ ಮಕ್ಕಳು ಆ ನೆಲಕ್ಕೆ ಮೆಣಸಿನಕಾಯಿ ಬಿಡಿಸುವ ಕೂಲಿಗಳಾಗಿ ಹೋಗಬಾರದು. ಓದಿದವರಾಗಿ ಹೋಗಿ ಅದನ್ನು ನೋಡಿ ಬರಬೇಕು.

ಪ್ರಿಯ ವಿದ್ಯಾರ್ಥಿಗಳೇ, ಭೂಪಟದ ಬಾಣದ ಗುರುತುಗಳು ತಾವಾಗಿ ನಡೆದವಲ್ಲ. ಅವುಗಳೊಳಗೆ ಕಾಲುನಡಿಗೆಯಲ್ಲಿ ಹೋದ ಮನುಷ್ಯರಿದ್ದರು. ಅವರು ಊರಿಂದೂರಿಗೆ ಹೋಗಿ, ಅಲ್ಲಿಯ ಮಾತನ್ನು ಕಲಿತು, ತಾವು ತಿಳಿದದ್ದನ್ನು ತಿಳಿಸಿದರು. ಆ ದಿನ ತರಗತಿಯಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೆ ಈ ವರ್ಷ ಎರ್ರಗುಡಿಯನ್ನು ತೋರಿಸುವುದಾಗಿ ಮಾತು ಕೊಟ್ಟಿದ್ದೇವೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಅವನೇ ಬರೆದ ಲೇಖನವನ್ನು ನೀವೆಲ್ಲ ಓದುವಂತಾಗಲಿ ಎಂದು ಹಾರೈಸುತ್ತೇವೆ.